ಮುಲ್ತಾನಿ ಮಿಟ್ಟಿ: ಹಚ್ಚುವ ಮುನ್ನ, ಒಣಗುವ ಮುನ್ನ

ಮೊಡವೆ, ಬ್ಲಾಕ್‌ಹೆಡ್, ಎಣ್ಣೆಮುಖದ ಬಗ್ಗೆ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಮಣ್ಣಿನ ಫೇಸ್‌ಪ್ಯಾಕ್ ಸುತ್ತಲೇ ಇವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ನನ್ನದು ಎಣ್ಣೆ ಚರ್ಮ. ವಾರಕ್ಕೆ ಮೂರು ಸಲ ಮುಲ್ತಾನಿ ಮಿಟ್ಟಿಗೆ ರೋಸ್‌ವಾಟರ್ ಕಲಸಿ ಹಚ್ಚಿಕೊಂಡು, ಪೂರ್ತಿ ಒಣಗಿ ಬಿರುಕು ಬಿಡುವವರೆಗೆ ಅರ್ಧ ಗಂಟೆ ಇರುತ್ತೇನೆ. ತೊಳೆದ ತಕ್ಷಣ ಮುಖ ಹಗುರ ಅನ್ನಿಸುತ್ತದೆ. ಆದರೆ ಸಂಜೆಯಷ್ಟೊತ್ತಿಗೆ ಮತ್ತೆ ಜಿಡ್ಡು, ಕೆನ್ನೆಯಲ್ಲಿ ಉರಿ. ಎಲ್ಲಿ ತಪ್ಪುತ್ತಿದೆ?
— ಕಾಲೇಜು ವಿದ್ಯಾರ್ಥಿನಿ, ದಾವಣಗೆರೆ

ತಪ್ಪುತ್ತಿರುವುದು ಆ ಅರ್ಧ ಗಂಟೆಯಲ್ಲಿ. ಮಣ್ಣು ಒಣಗಿ ಬಿರುಕು ಬಿಟ್ಟರೇ ಅದು ಕೆಲಸ ಮಾಡಿತು ಎಂಬ ನಂಬಿಕೆ ಎಲ್ಲೆಡೆ ಇದೆ. ವಾಸ್ತವದಲ್ಲಿ ಅದು ಜಿಡ್ಡು ಹೀರುವುದು ಹಸಿಯಾಗಿ, ಚರ್ಮಕ್ಕೆ ಅಂಟಿಕೊಂಡಿರುವಾಗ. ನೀರು ಪೂರ್ತಿ ಆರಿದ ಮೇಲೆ ಪದರ ಕುಗ್ಗುತ್ತದೆ, ಚರ್ಮ ಬಿಗಿಯುತ್ತದೆ, ಒಣಗಿದ್ದನ್ನು ತೆಗೆಯಲು ನೀವು ಉಜ್ಜುತ್ತೀರಿ. ಉರಿ ಬರುವುದು ಈ ಉಜ್ಜಾಟದಿಂದ, ಜೊತೆಗೆ ಚರ್ಮದ ಮೇಲ್ಪದರವನ್ನು ಕಾಯುವ ಕೊಬ್ಬಿನಂಶವೂ ಮಣ್ಣಿನೊಂದಿಗೆ ಹೋಗಿಬಿಡುವುದರಿಂದ. ವಾರಕ್ಕೆ ಮೂರು ಸಲ ಹೀಗಾದರೆ ಅದು ಸರಿಯಾಗಲು ಸಮಯವೇ ಸಿಗುವುದಿಲ್ಲ.

ಸಂಜೆ ಜಿಡ್ಡು ಬರುವುದಂತೂ ಸಹಜ. ಚರ್ಮದಲ್ಲಿ ಎಣ್ಣೆ ಸುರಿಸುವ ಮೇದೋಗ್ರಂಥಿಗಳು ಹಾರ್ಮೋನಿನ ಮಾತು ಕೇಳುತ್ತವೆ, ಮಣ್ಣಿನದ್ದಲ್ಲ. ಹೊರಗಿನ ಎಣ್ಣೆ ಒರೆಸಿದ ಕೆಲವೇ ಗಂಟೆಗಳಲ್ಲಿ ಮುಖ ಮತ್ತೆ ಮಿನುಗುತ್ತದೆ. ಪ್ಯಾಕ್‌ನಿಂದ ಅದಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ.

ಒಂದು ಮುಖಕ್ಕೆ ಒಂದು ದೊಡ್ಡ ಚಮಚ ಪುಡಿ, ಅಂದರೆ ಸುಮಾರು 10 ಗ್ರಾಂ ಸಾಕು. ಬಟ್ಟಲಿಗೆ ಮೊದಲು ಅದೇ ಚಮಚದಲ್ಲಿ ಒಂದು ಚಮಚ ನೀರು ಹಾಕಿ, ಮೇಲಿಂದ ಪುಡಿ ಉದುರಿಸಿ, ಕಲಕದೆ ಐದು ನಿಮಿಷ ನೆನೆಯಲು ಬಿಡಿ. ಪುಡಿಯ ಮೇಲೆ ನೀರು ಸುರಿದು ಕೂಡಲೇ ಕಲಸಿದರೆ ಗಂಟು ಕಟ್ಟುತ್ತದೆ, ಗಂಟಿನೊಳಗಿನ ಒಣ ಪುಡಿ ಮುಖದ ಮೇಲೆ ಗೀರುತ್ತದೆ. ನೆನೆದ ಮೇಲೆ ಕಲಸಿ, ಬೇಕಾದರೆ ಇನ್ನರ್ಧ ಚಮಚ ನೀರು ಸೇರಿಸಿ. ಇಡ್ಲಿ ಹಿಟ್ಟಿನ ಹದಕ್ಕೆ ಬಂದರೆ ಸರಿ. ಬೆರಳಿನಿಂದ ಹಚ್ಚಿದಾಗ ಇಳಿಯಬಾರದು, ಎಳೆದಾಗ ಚರ್ಮ ಜಗ್ಗಲೂಬಾರದು.

ಮುಖವನ್ನು ಮೃದುವಾದ ಫೇಸ್‌ವಾಶ್‌ನಿಂದ ತೊಳೆದು, ಸ್ವಲ್ಪ ಒದ್ದೆ ಇರುವಾಗಲೇ ಹಚ್ಚಿ. ಪದರ ಸುಮಾರು ಎರಡು ಮಿಲಿಮೀಟರ್ ದಪ್ಪ ಇರಲಿ. ತೆಳ್ಳಗೆ ಸವರಿದರೆ ಫ್ಯಾನಿನ ಗಾಳಿಗೆ ಮೂರೇ ನಿಮಿಷದಲ್ಲಿ ಒಣಗುತ್ತದೆ. ಕಣ್ಣಿನ ಸುತ್ತ ಒಂದು ಬೆರಳಗಲ ಮತ್ತು ತುಟಿಯನ್ನು ಬಿಟ್ಟುಬಿಡಿ. ನಿಮಗೆ ಕೆನ್ನೆಯಲ್ಲಿ ಉರಿ ಇರುವುದರಿಂದ ಹಣೆ, ಮೂಗು, ಗಲ್ಲಕ್ಕೆ ಮಾತ್ರ ಹಚ್ಚಿ. ಕೆನ್ನೆಗೆ ಒಂದು ತಿಂಗಳು ಮಣ್ಣು ಬೇಡವೇ ಬೇಡ.

ಎಂಟು ನಿಮಿಷ, ಹೆಚ್ಚೆಂದರೆ ಹತ್ತು. ಗಡಿಯಾರಕ್ಕಿಂತ ಅಂಚನ್ನು ನೋಡಿ: ಅಂಚಿನಲ್ಲಿ ಬಣ್ಣ ಬೆಳ್ಳಗಾಗಿ, ನಡುವೆ ಇನ್ನೂ ಬೆರಳಿಗೆ ಅಂಟುವಂತಿದ್ದರೆ ತೆಗೆಯುವ ಹೊತ್ತು ಬಂತು. ಅದಕ್ಕೂ ಮೊದಲೇ ಒಣಗುತ್ತಿದ್ದರೆ ನೀರು ಚಿಮುಕಿಸಿ. ತೆಗೆಯುವಾಗ ಒದ್ದೆ ಬಟ್ಟೆಯನ್ನು ಅರ್ಧ ನಿಮಿಷ ಮುಖದ ಮೇಲಿಟ್ಟು, ಮಣ್ಣು ಸಡಿಲವಾದ ಮೇಲೆ ಒರೆಸಿ, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ಮತ್ತೆ ಸೋಪು ಬೇಡ. ಚರ್ಮದ ಹಸಿ ಆರುವ ಮೊದಲೇ ಎಣ್ಣೆರಹಿತ ಮಾಯಿಶ್ಚರೈಸರ್ ಹಚ್ಚಿ. ಎಣ್ಣೆ ಚರ್ಮದವರು ಇದೊಂದನ್ನು ಬಿಟ್ಟುಬಿಡುತ್ತಾರೆ, ಆಮೇಲೆ ಮಣ್ಣು ಒಗ್ಗಲಿಲ್ಲ ಎನ್ನುತ್ತಾರೆ.

ವಾರಕ್ಕೆ ಒಂದು ಸಲ ಸಾಕು. ಮಾರ್ಚ್‌ನಿಂದ ಮೇವರೆಗೆ ತೀರಾ ಜಿಡ್ಡಾದರೆ ಎರಡು. ರೋಸ್‌ವಾಟರ್ ಬದಲು ಬರೀ ನೀರು ಬಳಸಿ ನೋಡಿ. ಅಂಗಡಿಯ ಎಷ್ಟೋ ರೋಸ್‌ವಾಟರ್ ಬಾಟಲಿಗಳಲ್ಲಿ ಸೇರಿಸಿದ ಪರಿಮಳ ಇರುತ್ತದೆ, ಕೆರಳಿದ ಚರ್ಮಕ್ಕೆ ಅದೂ ಉರಿಯೇ.

ಅಂಗಡಿಯಲ್ಲಿ ಕೆಯೋಲಿನ್, ಬೆಂಟೋನೈಟ್, ಹಸಿರು ಮಣ್ಣು, ಗುಲಾಬಿ ಮಣ್ಣು ಅಂತೆಲ್ಲ ಇವೆ. ಮುಲ್ತಾನಿ ಮಿಟ್ಟಿಗೂ ಇವಕ್ಕೂ ಏನು ವ್ಯತ್ಯಾಸ? ಗ್ರಂಧಿಗೆ ಅಂಗಡಿಯಲ್ಲಿ ಬಿಡಿಯಾಗಿ ಸಿಗುವುದನ್ನು ತರಬಹುದೇ?
— ಓದುಗರು, ಬೆಂಗಳೂರು

ಹೀರುವ ಶಕ್ತಿಯ ವ್ಯತ್ಯಾಸ. ಕೆಯೋಲಿನ್ ಎಂದರೆ ಬಿಳಿ ಜೇಡಿ, ಪಿಂಗಾಣಿ ಮಾಡುವ ಮಣ್ಣು. ಅದರ ಹರಳಿನ ಪದರಗಳ ನಡುವೆ ನೀರು ನುಗ್ಗುವುದಿಲ್ಲ, ಹಾಗಾಗಿ ಉಬ್ಬುವುದಿಲ್ಲ. ಹೀರುವುದು ಕಡಿಮೆ, ಕಾಡುವುದೂ ಕಡಿಮೆ. ಬೆಂಟೋನೈಟ್‌ನಲ್ಲಿ ಮುಖ್ಯವಾಗಿರುವುದು ಮಾಂಟ್‌ಮೊರಿಲ್ಲೊನೈಟ್ ಎಂಬ ಖನಿಜ. ಇದರ ಪದರಗಳ ನಡುವೆ ನೀರು ಸೇರಿ ಪುಡಿ ಉಬ್ಬಿ ಲೋಳೆಯಾಗುತ್ತದೆ. ಇದು ಹೀರುವುದು ಹೆಚ್ಚು, ಕ್ಷಾರಗುಣವೂ ಹೆಚ್ಚು. ಮುಲ್ತಾನಿ ಮಿಟ್ಟಿ ಬೆಂಟೋನೈಟಿನ ಹತ್ತಿರದ ಸಂಬಂಧಿ. ಹೆಸರು ಈಗ ಪಾಕಿಸ್ತಾನದಲ್ಲಿರುವ ಮುಲ್ತಾನ್ ಊರಿನದಾದರೂ ನಮ್ಮ ದೇಶದಲ್ಲಿ ಇದನ್ನು ಮುಖ್ಯವಾಗಿ ರಾಜಸ್ಥಾನದ ಬಾರ್ಮೇರ್, ಬಿಕಾನೇರ್ ಕಡೆಯ ಗಣಿಗಳಿಂದ ತೆಗೆಯುತ್ತಾರೆ. ಹಸಿರು, ಕೆಂಪು, ಗುಲಾಬಿ ಬಣ್ಣಗಳು ಬಹುತೇಕ ಕಬ್ಬಿಣದ ಅಂಶದಿಂದ ಬಂದವು. ಬಣ್ಣಕ್ಕೆಂದು ಹೆಚ್ಚು ದುಡ್ಡು ಕೊಡಬೇಕಾಗಿಲ್ಲ.

ಎಣ್ಣೆ ಚರ್ಮಕ್ಕೆ ಮುಲ್ತಾನಿ ಮಿಟ್ಟಿ. ಹಣೆ ಮೂಗು ಜಿಡ್ಡು, ಕೆನ್ನೆ ಒಣ ಎನ್ನುವವರಿಗೆ ಮುಲ್ತಾನಿಯೂ ಕೆಯೋಲಿನ್ನೂ ಅರ್ಧರ್ಧ. ಸೂಕ್ಷ್ಮ ಚರ್ಮಕ್ಕೆ ಬರೀ ಕೆಯೋಲಿನ್, ಅದೂ ಐದೇ ನಿಮಿಷ. ಬರೀ ಬೆಂಟೋನೈಟ್ ಹಚ್ಚುವ ಅಗತ್ಯ ಹೆಚ್ಚಿನವರಿಗಿಲ್ಲ. ಟ್ಯೂಬಿನಲ್ಲಿ ಬರುವ ಸಿದ್ಧ ಪ್ಯಾಕ್‌ನಲ್ಲಿ ಕೆಯೋಲಿನ್ ಜೊತೆ ಗ್ಲಿಸರಿನ್ ಇದ್ದರೆ ಅದು ನಿಧಾನವಾಗಿ ಒಣಗುತ್ತದೆ. ಮೊದಲ ಸಲ ಬಳಸುವವರಿಗೆ ನಾವು ಅದನ್ನೇ ಹೇಳುತ್ತೇವೆ.

ಬಿಡಿಯಾಗಿ ತರುವುದು ಬೇಡ. ಗೋಣಿಯಲ್ಲಿರುವುದು ಮುಖಕ್ಕೆಂದು ಶುದ್ಧಮಾಡಿದ್ದೋ ಬೇರೆ ಕೆಲಸಕ್ಕೆ ಬಂದದ್ದೋ ನೋಡಿದರೆ ಗೊತ್ತಾಗುವುದಿಲ್ಲ. ಮಣ್ಣಿನಲ್ಲಿ ಸೀಸದಂಥ ಲೋಹಗಳು ಸಹಜವಾಗಿಯೇ ಇರಬಹುದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2016ರಲ್ಲಿ ಒಂದು ಬೆಂಟೋನೈಟ್ ಪುಡಿಯಲ್ಲಿ ಸೀಸ ಹೆಚ್ಚಿದೆ ಎಂದು ಎಚ್ಚರಿಕೆ ಕೊಟ್ಟಿತ್ತು. ಪ್ಯಾಕೆಟ್ಟಿನ ಮೇಲೆ ತಯಾರಕರ ಪರವಾನಗಿ ಸಂಖ್ಯೆ, ಬ್ಯಾಚ್, ಅವಧಿ ಮುಗಿಯುವ ತಿಂಗಳು ಇರಬೇಕು. ಇದಕ್ಕಿಂತ ಮುಖ್ಯವಾದದ್ದು: ಬಸುರಿಯರು ಬಯಕೆಗೆಂದು ಮುಲ್ತಾನಿ ಮಿಟ್ಟಿ ತಿನ್ನುವುದುಂಟು. ದಯವಿಟ್ಟು ತಿನ್ನಬೇಡಿ. ಸೀಸ ಮಗುವಿಗೂ ದಾಟುತ್ತದೆ. ಮಣ್ಣು ತಿನ್ನಬೇಕೆನ್ನಿಸುವುದು ಎಷ್ಟೋ ಸಲ ರಕ್ತಹೀನತೆಯ ಸೂಚನೆ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.

ಮೂಗಿನ ಮೇಲೆ ಕಪ್ಪು ಚುಕ್ಕೆಗಳು. ಸ್ಟೀಮ್ ತಗೊಂಡು ರಂಧ್ರ ತೆರೆಸಿ, ಮಣ್ಣು ಹಚ್ಚಿ, ಐಸ್ ಉಜ್ಜಿ ಮುಚ್ಚಿಸಿದರೂ ನಾಲ್ಕೈದು ದಿನದಲ್ಲಿ ಹಾಗೇ ಕಾಣುತ್ತವೆ.
— ಓದುಗರು, ಮೈಸೂರು

ಚರ್ಮದ ರಂಧ್ರಕ್ಕೆ ಬಾಗಿಲಿಲ್ಲ, ತೆರೆದು ಮುಚ್ಚುವ ಸ್ನಾಯುವೂ ಇಲ್ಲ. ಹಬೆಯಿಂದ ಜಿಡ್ಡು ಸ್ವಲ್ಪ ಮೆತ್ತಗಾಗುತ್ತದೆ. ಐಸ್‌ನಿಂದ ಚರ್ಮ ಒಂದು ಗಳಿಗೆ ಬಿಗಿಯುತ್ತದೆ. ಅಷ್ಟೇ.

ಇನ್ನು ಆ ಚುಕ್ಕೆಗಳು ಬ್ಲಾಕ್‌ಹೆಡ್ ಹೌದೇ ಎಂದು ಮೊದಲು ನೋಡಿಕೊಳ್ಳಿ. ಮೂಗಿನುದ್ದಕ್ಕೂ ಒಂದೇ ಗಾತ್ರದಲ್ಲಿ, ಬೂದು ಬಣ್ಣದಲ್ಲಿ, ಮುಟ್ಟಿದರೆ ನುಣುಪಾಗಿದ್ದರೆ ಅವು ಜಿಡ್ಡಿನ ಎಳೆಗಳು. ಗ್ರಂಥಿಯಿಂದ ಎಣ್ಣೆ ಮೇಲಕ್ಕೆ ಬರುವ ದಾರಿಯೇ ಅದು, ಎಲ್ಲರ ಮೂಗಿನಲ್ಲೂ ಇರುತ್ತದೆ. ಹಿಂಡಿ ತೆಗೆದರೆ ತಿಂಗಳೊಳಗೆ ಮತ್ತೆ ತುಂಬುತ್ತದೆ. ನಿಜವಾದ ಬ್ಲಾಕ್‌ಹೆಡ್ ಅಲ್ಲೊಂದು ಇಲ್ಲೊಂದು ಇರುತ್ತದೆ, ಕಪ್ಪಾಗಿರುತ್ತದೆ, ಮುಟ್ಟಿದರೆ ಗಟ್ಟಿ. ಆ ಕಪ್ಪು ಕೊಳೆಯಲ್ಲ. ಸತ್ತ ಜೀವಕೋಶ ಮತ್ತು ಜಿಡ್ಡು ಸೇರಿದ ಬಿರಡೆಯಲ್ಲಿನ ಬಣ್ಣದ ಅಂಶ ಗಾಳಿಗೆ ತೆರೆದುಕೊಂಡು ಕಪ್ಪಾಗಿರುತ್ತದೆ. ಎಷ್ಟು ಉಜ್ಜಿ ತೊಳೆದರೂ ಅದು ಹೋಗದಿರುವುದು ಅದಕ್ಕೇ.

ಮಣ್ಣು ಈ ಬಿರಡೆಯ ತಲೆಯ ಮೇಲಿನ ಜಿಡ್ಡನ್ನಷ್ಟೇ ತೆಗೆಯುತ್ತದೆ. ಬಿರಡೆಯನ್ನು ಸಡಿಲಿಸುವುದು ಎಣ್ಣೆಯಲ್ಲಿ ಕರಗುವ ಸ್ಯಾಲಿಸಿಲಿಕ್ ಆಮ್ಲ. 2 ಶೇಕಡಾ ಇರುವ ಜೆಲ್ ಅಥವಾ ಲೋಷನ್ನನ್ನು ಒಂದು ರಾತ್ರಿ ಬಿಟ್ಟು ಒಂದು ರಾತ್ರಿ ಮೂಗಿಗೆ ಹಚ್ಚಿ, ಎಂಟು ವಾರ ನೋಡಿ. ಮಣ್ಣು ಹಚ್ಚಿದ ರಾತ್ರಿ ಅದು ಬೇಡ. ಹಬೆ ನಿಲ್ಲಿಸಿ. ನಮ್ಮಂಥವರ ಕಂದು ಚರ್ಮದಲ್ಲಿ ಕೆರಳಿದ ಜಾಗ ಕಪ್ಪುಗಟ್ಟುವುದು ಬೇಗ.

ನನ್ನ ಮಗಳಿಗೆ ಹದಿನೈದು ವರ್ಷ. ಗಲ್ಲ, ದವಡೆ ತುಂಬ ದೊಡ್ಡ ಮೊಡವೆ, ಮುಟ್ಟಿದರೆ ನೋವು ಅಂತಾಳೆ. ವಿಡಿಯೋ ನೋಡಿ ಮುಲ್ತಾನಿ ಮಿಟ್ಟಿಗೆ ನಿಂಬೆರಸ, ಅಡುಗೆ ಸೋಡಾ ಹಾಕಿ ಹಚ್ಚಿಕೊಳ್ತಾಳೆ. ನಮ್ಮ ಓಣಿಯ ಮೆಡಿಕಲ್ ಅಂಗಡಿಯವರು ಒಂದು ಕ್ರೀಮ್ ಕೊಟ್ಟರು. ಹಚ್ಚಿದರೆ ಎರಡೇ ದಿನದಲ್ಲಿ ಇಳಿತಾವ, ಬಿಟ್ಟರೆ ಮತ್ತ ಹೆಚ್ಚಾಗತಾವ. ಶಾಲೆಗೆ ಹೋಗಲಿಕ್ಕೇ ಒಲ್ಲೆ ಅಂತಾಳೆ.
— ಒಬ್ಬ ತಾಯಿ, ಹುಬ್ಬಳ್ಳಿ

ಮೊದಲು ಕ್ರೀಮಿನ ಮಾತು. ಎರಡು ದಿನಕ್ಕೆ ಇಳಿದು, ಬಿಟ್ಟರೆ ಹೆಚ್ಚಾಗುವುದು ಸ್ಟೀರಾಯ್ಡ್ ಮುಲಾಮಿನ ಲಕ್ಷಣ. ಟ್ಯೂಬಿನ ಮೇಲೆ ಬೀಟಾಮೆಥಾಸೋನ್, ಕ್ಲೋಬೆಟಸಾಲ್, ಮೊಮೆಟಾಸೋನ್, ಫ್ಲುಯೊಸಿನೊಲೋನ್ ಇವುಗಳಲ್ಲಿ ಯಾವುದಾದರೂ ಇದೆಯೇ ನೋಡಿ. ಮುಖಕ್ಕೆ ವಾರಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಕೆಂಪು ರಕ್ತನಾಳ ಎದ್ದು ಕಾಣುತ್ತವೆ, ಮೊಡವೆ ಮರಳಿ ಏಳುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು. ಆದರೂ ಅಂಗಡಿಯಲ್ಲಿ ಕೇಳಿದರೆ ಕೊಡುವುದು ನಿಂತಿಲ್ಲ. ಟ್ಯೂಬನ್ನು ಜೊತೆಗೇ ಹಿಡಿದುಕೊಂಡು ಚರ್ಮರೋಗ ತಜ್ಞರ ಬಳಿ ಹೋಗಿ. ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಯಲ್ಲಿ (ಈಗಿನ ಹೆಸರು ಕೆಎಂಸಿಆರ್‌ಐ) ಚರ್ಮರೋಗ ವಿಭಾಗವಿದೆ. ತುಂಬಾ ದಿನದಿಂದ ಹಚ್ಚುತ್ತಿದ್ದರೆ ಹೇಗೆ ಬಿಡಿಸಬೇಕೆಂದು ಅವರೇ ಹೇಳಲಿ, ಬಿಟ್ಟಾಗ ಕೆಲವು ವಾರ ಮುಖ ಕೆರಳುವುದುಂಟು.

ನಿಂಬೆರಸ ಮತ್ತು ಸೋಡಾ ಇಂದೇ ನಿಲ್ಲಲಿ. ಚರ್ಮದ ಆಮ್ಲಮಟ್ಟ (pH) ಸುಮಾರು 5; ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು, 7 ದಾಟಿದರೆ ಕ್ಷಾರ. ನಿಂಬೆರಸದ್ದು 2ರ ಆಸುಪಾಸು, ಸೋಡಾದ್ದು 8ಕ್ಕೂ ಮೇಲೆ. ಎರಡನ್ನೂ ಸೇರಿಸಿದಾಗ ಬರುವ ನೊರೆ ಬರೀ ಗಾಳಿ, ಅದು ರಂಧ್ರವನ್ನು ಸ್ವಚ್ಛ ಮಾಡುವುದಿಲ್ಲ. ನಿಂಬೆರಸ ಉಳಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟಂತಾಗಿ ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯುತ್ತದೆ. ಟೂತ್‌ಪೇಸ್ಟ್, ದಾಲ್ಚಿನ್ನಿ ಪುಡಿ, ಲವಂಗದ ಎಣ್ಣೆಯೂ ಇದೇ ಸಾಲಿಗೆ ಸೇರಿದವು.

ಇನ್ನು ಮೊಡವೆ. ನೋವಿರುವ, ಆಳದ ಗಂಟುಗಳಿಗೆ ಮಣ್ಣು ಮದ್ದಲ್ಲ. ರಂಧ್ರದ ಒಳಗೆ ಬಿರಡೆ ಕಟ್ಟಿ, ಅದರ ಹಿಂದೆ ಜಿಡ್ಡು ತುಂಬಿ, ಬ್ಯಾಕ್ಟೀರಿಯಾ ಹೆಚ್ಚಿ, ಗೋಡೆ ಒಡೆದು ಉರಿಯೂತ ಚರ್ಮದ ಆಳಕ್ಕಿಳಿದಿದೆ. ಮೇಲೆ ಹಚ್ಚಿದ ಮಣ್ಣು ಅಲ್ಲಿಗೆ ತಲುಪುವುದೇ ಇಲ್ಲ. ತಡಮಾಡಿದರೆ ಉಳಿಯುವ ಗುಳಿಗಳನ್ನು ಆಮೇಲೆ ತುಂಬುವುದು ಕಷ್ಟ, ದುಬಾರಿ ಕೂಡ. ಆದ್ದರಿಂದ ಈ ತಿಂಗಳೇ ತೋರಿಸಿ.

ವೈದ್ಯರು ಸಾಮಾನ್ಯವಾಗಿ ಬೆಳಿಗ್ಗೆಗೆ 2.5 ಶೇಕಡಾ ಬೆಂಜಾಯಿಲ್ ಪೆರಾಕ್ಸೈಡ್, ರಾತ್ರಿಗೆ 0.1 ಶೇಕಡಾ ಅಡಾಪಲೀನ್ ಜೆಲ್‌ನಿಂದ ಆರಂಭಿಸುತ್ತಾರೆ. ಬೇಕೆನಿಸಿದರೆ ಮಾತ್ರೆ ಸೇರಿಸುತ್ತಾರೆ. ಅಡಾಪಲೀನ್ ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು ಸಾಕು. ಮೊಡವೆಯ ಮೇಲೆ ಮಾತ್ರ ಚುಕ್ಕೆ ಇಡುವುದಲ್ಲ, ಏಳಬಹುದಾದ ಜಾಗಕ್ಕೆಲ್ಲ ತೆಳುವಾಗಿ ಸವರುವುದು. ಮೊದಲ ಕೆಲವು ವಾರ ಒಣಗಿ ಸಿಪ್ಪೆ ಏಳುತ್ತದೆ, ಮೊಡವೆ ಸ್ವಲ್ಪ ಹೆಚ್ಚಿದಂತೆಯೂ ಕಾಣಬಹುದು. ಹೆಚ್ಚಿನವರು ಬಿಟ್ಟುಬಿಡುವುದು ಆಗಲೇ. ಫಲ ಕಾಣಲು 8ರಿಂದ 12 ವಾರ ಬೇಕು ಎಂದು ಮಗಳಿಗೆ ಮೊದಲೇ ಹೇಳಿ. ಬೆಂಜಾಯಿಲ್ ಪೆರಾಕ್ಸೈಡ್ ಬಟ್ಟೆಯ ಬಣ್ಣ ತೆಗೆಯುತ್ತದೆ, ಯೂನಿಫಾರ್ಮಿನ ಕಾಲರ್ ಜೋಪಾನ, ಬಿಳಿ ಟವೆಲ್ ಬಳಸಲಿ.

ಈ ಔಷಧಗಳ ಮೊದಲ ಆರು ವಾರ ಮಣ್ಣು ಬೇಡ. ಚರ್ಮ ಒಗ್ಗಿಕೊಂಡ ಮೇಲೆ, ಅವಳಿಗೆ ಇಷ್ಟವಿದ್ದರೆ, ವಾರಕ್ಕೊಮ್ಮೆ ಹಣೆ ಮೂಗಿಗೆ ಐದು ನಿಮಿಷ ಕೆಯೋಲಿನ್, ಆ ರಾತ್ರಿ ಅಡಾಪಲೀನ್‌ಗೆ ರಜೆ. ಹಗಲು ಹೊರಗೆ ಹೋಗುವ ಮುನ್ನ ಎಸ್‌ಪಿಎಫ್ 30ರ ಜೆಲ್ ಸನ್‌ಸ್ಕ್ರೀನ್, ಕಲೆ ಕಪ್ಪಾಗದಿರಲು. ದವಡೆಯ ಮೊಡವೆಯ ಜೊತೆ ಮುಟ್ಟು ತಿಂಗಳುಗಟ್ಟಲೆ ತಪ್ಪುತ್ತಿದ್ದರೆ, ಮುಖದಲ್ಲಿ ಕೂದಲು ಹೆಚ್ಚುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ, ಪಿಸಿಓಎಸ್ (ಹಾರ್ಮೋನು ಏರುಪೇರಿನಿಂದ ಮುಟ್ಟು ತಪ್ಪುವ ಅಂಡಾಶಯದ ತೊಂದರೆ) ಪರೀಕ್ಷೆ ಬೇಕಾಗಬಹುದು.

ಶಾಲೆಗೆ ಒಲ್ಲೆ ಎನ್ನುವುದನ್ನು ಹುಡುಗಾಟವೆಂದು ತಳ್ಳಿಹಾಕಬೇಡಿ. ಕೊಳಕಿನಿಂದಲೋ ಕರಿದದ್ದು ತಿಂದದ್ದರಿಂದಲೋ ಮೊಡವೆ ಬಂತೆಂದು ಮನೆಯಲ್ಲಿ ಯಾರೂ ಆಡಿಕೊಳ್ಳದಂತೆ ನೋಡಿಕೊಳ್ಳಿ. ಅವಳ ತಪ್ಪು ಇದರಲ್ಲಿ ಏನೂ ಇಲ್ಲ.

ಹಣೆ ತುಂಬ ರಾಗಿ ಕಾಳಿನಂಥ ಸಣ್ಣ ಗುಳ್ಳೆ, ತುರಿಕೆ. ಮಳೆಗಾಲದಲ್ಲಿ ಜಾಸ್ತಿ. ಮಣ್ಣಿಗೆ ಬಗ್ಗುತ್ತಿಲ್ಲ.
— ಓದುಗರು, ಉಡುಪಿ

ಎಲ್ಲವೂ ಒಂದೇ ಗಾತ್ರ, ತುರಿಕೆ, ಸೆಕೆಗೆ ಹೆಚ್ಚುವುದು: ಈ ಮೂರೂ ಸೇರಿದರೆ ಅದು ಮೊಡವೆಯಾಗಿರದೆ ಕೂದಲಬುಡದ ಶಿಲೀಂಧ್ರದ ಗುಳ್ಳೆಯಾಗಿರಬಹುದು. ಮಲಸೀಜಿಯಾ ಎಂಬ ಯೀಸ್ಟ್ ಇದಕ್ಕೆ ಕಾರಣ. ಮೊಡವೆಯ ಆಂಟಿಬಯಾಟಿಕ್ ಮಾತ್ರೆ ಇದನ್ನು ಹೆಚ್ಚಿಸಬಲ್ಲದು, ಹಾಗಾಗಿ ಊಹೆಯ ಮೇಲೆ ಔಷಧ ಬೇಡ. ವೈದ್ಯರು ನೋಡಿ ಖಚಿತಪಡಿಸಿದರೆ ಕೀಟೊಕೊನಜೋಲ್‌ನಂಥ ಶಿಲೀಂಧ್ರನಾಶಕ ಕೊಡುತ್ತಾರೆ.

ಇನ್ನೊಂದು ಸಾಧ್ಯತೆ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ. ಕರಾವಳಿಯ ಸೆಕೆಗೆ ಅದು ಬೆವರಿನೊಂದಿಗೆ ಹಣೆಗಿಳಿದು ರಂಧ್ರ ಕಟ್ಟುತ್ತದೆ. ಎಣ್ಣೆಯನ್ನು ತಲೆಸ್ನಾನಕ್ಕೆ ಒಂದು ಗಂಟೆ ಮುಂಚೆ ಮಾತ್ರ, ಹಣೆಯ ಅಂಚಿನಿಂದ ಎರಡು ಬೆರಳು ಹಿಂದೆ ಹಚ್ಚಿ. ದಿಂಬಿನ ಕವರ್ ವಾರಕ್ಕೆ ಎರಡು ಸಲ ಬದಲಿಸಿ.

ನಮ್ಮ ಕಡೆ ಹುತ್ತದ ಮಣ್ಣು ಮುಖಕ್ಕೆ ಹಚ್ಚುವ ರೂಢಿ ಇದೆ. ಮನೆ ಹಿತ್ತಲಿನದೇ ಮಣ್ಣು, ಕಲಬೆರಕೆ ಇಲ್ಲ. ಪೇಟೆಯದಕ್ಕಿಂತ ಇದೇ ಒಳ್ಳೆಯದಲ್ಲವೇ?
— ಓದುಗರು, ಸಾಗರ

ಹುತ್ತದ ಮಣ್ಣು ನುಣುಪು, ಜೇಡಿಯ ಅಂಶವೂ ಚೆನ್ನಾಗಿರುತ್ತದೆ, ರೂಢಿ ಬೆಳೆದದ್ದು ಸುಮ್ಮನೆ ಅಲ್ಲ. ಪ್ರಕೃತಿ ಚಿಕಿತ್ಸೆಯಲ್ಲೂ ಮಣ್ಣಿನ ಪಟ್ಟಿ ಹಾಕುತ್ತಾರೆ. ಆದರೆ ಅವರು ಮೇಲ್ಮಣ್ಣು ಬಿಟ್ಟು ಮೂರು ನಾಲ್ಕು ಅಡಿ ಆಳದ್ದನ್ನು ತೆಗೆದು, ಬಿಸಿಲಿಗೆ ಒಣಗಿಸಿ, ಜರಡಿ ಹಿಡಿದು ಬಳಸುತ್ತಾರೆ. ಹಿತ್ತಲ ಮಣ್ಣಿನ ತೊಂದರೆ ಎರಡು. ಧನುರ್ವಾಯು ತರುವ ಬ್ಯಾಕ್ಟೀರಿಯಾದ ಬೀಜಾಣುಗಳು ಮಣ್ಣಿನಲ್ಲೇ ವಾಸಿಸುತ್ತವೆ, ಬಾಣಲೆಯಲ್ಲಿ ಸ್ವಲ್ಪ ಹುರಿದ ಮಾತ್ರಕ್ಕೆ ಸಾಯುವುದಿಲ್ಲ. ಎರಡನೆಯದು, ಅಡಿಕೆ ತೋಟಕ್ಕೆ ಹೊಡೆದ ಮೈಲುತುತ್ತ, ಕೀಟನಾಶಕ ಹತ್ತಿರದ ಹುತ್ತಕ್ಕೂ ಬಿದ್ದಿರುತ್ತದೆ. ಒಡೆದ ಮೊಡವೆ, ಚಿವುಟಿದ ಗಾಯ ಇರುವ ಮುಖಕ್ಕೆ ಇದನ್ನು ಹಚ್ಚಲೇಬಾರದು. ಪೇಟೆಯ ಮಣ್ಣನ್ನೂ ತೆರೆದ ಗಾಯಕ್ಕೆ ಹಚ್ಚಬೇಡಿ.

ಮಣ್ಣಿನಿಂದ ಮೊಡವೆ ಕಡಿಮೆಯಾಗುತ್ತದೆ ಎನ್ನಲು ಸಂಶೋಧನೆಯ ಆಧಾರ ಇದೆಯೇ?
— ಶಿಕ್ಷಕರು, ಧಾರವಾಡ

ಇದೆ, ಆದರೆ ಬಲವಾದದ್ದಲ್ಲ. 2012ರಲ್ಲಿ ಪ್ರಕಟವಾದ ಒಂದು ಜರ್ಮನ್ ಅಧ್ಯಯನದಲ್ಲಿ 194 ಮಂದಿ ಮಣ್ಣು ಮತ್ತು ಹೊಹೊಬಾ ಎಣ್ಣೆ ಸೇರಿದ ಪ್ಯಾಕನ್ನು ವಾರಕ್ಕೆ ಎರಡು ಮೂರು ಸಲದಂತೆ ಆರು ವಾರ ಹಚ್ಚಿದರು. ಪೂರ್ತಿ ವಿವರ ಒಪ್ಪಿಸಿದ 133 ಮಂದಿಯಲ್ಲಿ ಮೊಡವೆ, ಬ್ಲಾಕ್‌ಹೆಡ್ ಎಲ್ಲ ಸೇರಿ ಸರಾಸರಿ 54 ಶೇಕಡಾ ಕಡಿಮೆಯಾಯಿತು. ಅಂಕಿ ದೊಡ್ಡದು. ಆದರೆ ಮಣ್ಣು ಹಚ್ಚದ ಇನ್ನೊಂದು ಗುಂಪನ್ನು ಹೋಲಿಕೆಗೆ ಇಟ್ಟಿರಲಿಲ್ಲ, ಉಳಿದ 61 ಮಂದಿಗೆ ಏನಾಯಿತೆಂಬುದು ಲೆಕ್ಕಕ್ಕೆ ಬರಲಿಲ್ಲ, ಮೊಡವೆ ತಾನಾಗಿಯೂ ಏರಿಳಿಯುತ್ತದೆ. ಸೌಮ್ಯ ಮೊಡವೆಗೆ ಮಣ್ಣು ನೆರವಾಗಬಹುದು ಎನ್ನುವಷ್ಟಕ್ಕೆ ಇದು ಸಾಕು. ಬೆಂಜಾಯಿಲ್ ಪೆರಾಕ್ಸೈಡ್, ಅಡಾಪಲೀನ್‌ಗೆ ಇರುವ ಪುರಾವೆಯ ಪಕ್ಕದಲ್ಲಿ ಇದನ್ನು ನಿಲ್ಲಿಸಲಾಗದು.

ಮಣ್ಣು ಹಚ್ಚಿದ ಮರುದಿನ ಹೊಸ ಗುಳ್ಳೆ ಎದ್ದವು. ಒಳಗಿನ ಕೊಳೆ ಹೊರಬರುತ್ತಿದೆ, ಮುಂದುವರಿಸಿ ಎಂದು ಬ್ಯೂಟಿ ಪಾರ್ಲರಿನವರು ಹೇಳುತ್ತಾರೆ. ನಿಜವೇ?
— ಓದುಗರು, ತುಮಕೂರು

ಅಲ್ಲ. ಅಡಾಪಲೀನ್‌ನಂಥ ಔಷಧ ಚರ್ಮದ ಕೋಶಗಳ ಹುಟ್ಟು-ಉದುರುವಿಕೆಯ ವೇಗ ಬದಲಿಸುತ್ತದೆ, ಅದಕ್ಕೇ ಒಳಗೆ ಅಡಗಿದ್ದ ಮೊಡವೆ ಬೇಗ ಮೇಲೆ ಬರುತ್ತದೆ. ಮಣ್ಣಿಗೆ ಆ ಗುಣವಿಲ್ಲ. ಮರುದಿನ ಎದ್ದದ್ದು ಕೆರಳಿಕೆ ಅಥವಾ ಅಲರ್ಜಿ. ನಿಲ್ಲಿಸಿ, ಎರಡು ವಾರ ಬರೀ ಮಾಯಿಶ್ಚರೈಸರ್ ಹಚ್ಚಿ. ಪ್ಯಾಕ್‌ನಲ್ಲಿ ಗಂಧ, ಅರಿಶಿನ, ಪರಿಮಳದೆಣ್ಣೆ ಏನೇನಿತ್ತು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಮುಂದೆ ಹೊಸದು ಯಾವುದೇ ಆದರೂ ಕಿವಿಯ ಕೆಳಗೆ, ದವಡೆಯ ಅಂಚಿಗೆ ರೂಪಾಯಿ ನಾಣ್ಯದಷ್ಟಗಲ ಹತ್ತು ನಿಮಿಷ ಹಚ್ಚಿ ತೊಳೆದು, ಎರಡು ದಿನ ಕಾಯಿರಿ.

ಬೀದರಿನಿಂದ ಒಬ್ಬರು: ಚಳಿಗಾಲದಲ್ಲಿ ಮುಖ ಬಿರಿಯುತ್ತದೆ, ಆಗಲೂ ಹಚ್ಚಬಹುದೇ? ಬೇಡ. ನವೆಂಬರ್‌ನಿಂದ ಫೆಬ್ರವರಿವರೆಗೆ ನಿಲ್ಲಿಸಿ.

ದುಬೈನಿಂದ ಕನ್ನಡಿಗರೊಬ್ಬರು: ಮೊಡವೆಗೆ ಐಸೊಟ್ರೆಟಿನೊಯಿನ್ ಮಾತ್ರೆ ನುಂಗುತ್ತಿದ್ದೇನೆ, ಮಣ್ಣು ಹಚ್ಚಬಹುದೇ? ಮಾತ್ರೆ ಮುಗಿಯುವವರೆಗೆ ಬೇಡ. ಚರ್ಮ ಈಗಾಗಲೇ ಒಣಗಿರುತ್ತದೆ, ಅದರ ಮೇಲೆ ಎಸಿಯ ಗಾಳಿ. ವ್ಯಾಕ್ಸಿಂಗ್ ಕೂಡ ಬೇಡ.

ಮಂಡ್ಯದಿಂದ ಒಬ್ಬರು: ಬಸುರಿ, ಮಣ್ಣು ಹಚ್ಚಬಹುದೇ? ಪ್ಯಾಕೆಟ್ಟಿನ ಶುದ್ಧ ಮಣ್ಣನ್ನು ವಾರಕ್ಕೊಮ್ಮೆ ಹಚ್ಚಲು ಅಡ್ಡಿಯಿಲ್ಲ. ಅಡಾಪಲೀನ್ ಮಾತ್ರ ಮುಟ್ಟಬೇಡಿ. ಮೊಡವೆಗೆ ಔಷಧ ಬೇಕಾದರೆ ಅಜೆಲಾಯಿಕ್ ಆಮ್ಲದ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ.

ಒಮ್ಮೆಗೇ ಹೆಚ್ಚು ಕಲಸಿ ಫ್ರಿಜ್‌ನಲ್ಲಿ ಇಟ್ಟುಕೊಳ್ಳಬಹುದೇ? ಸ್ಟೀಲ್ ಬಟ್ಟಲಲ್ಲಿ ಕಲಸಬಾರದಂತೆ, ಹೌದೇ? ವಾಶ್‌ಬೇಸಿನ್ ಬೇರೆ ಕಟ್ಟಿಕೊಂಡಿದೆ.
— ಗೃಹಿಣಿ, ಕೋಲಾರ

ಕಲಸಿ ಇಡಬೇಡಿ. ನೀರು ಸೇರಿದ ಮಣ್ಣಿನಲ್ಲಿ, ಅದರಲ್ಲೂ ಮೊಸರು, ಜೇನು, ಕಡಲೆಹಿಟ್ಟು ಬೆರೆಸಿದ್ದರೆ, ಫ್ರಿಜ್‌ನಲ್ಲೂ ಬೂಷ್ಟು ಬರುತ್ತದೆ. ಟ್ಯೂಬಿನದ್ದು ಉಳಿಯುವುದು ಸಂರಕ್ಷಕ ಇರುವುದರಿಂದ. ಒಣ ಪುಡಿಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಒಣ ಚಮಚದಲ್ಲೇ ತೆಗೆಯಿರಿ. ಮುಗ್ಗಲು ವಾಸನೆ ಬಂದರೆ ಎಸೆಯಿರಿ. ಸ್ಟೀಲ್ ಬಟ್ಟಲಿನಿಂದ ಏನೂ ಆಗುವುದಿಲ್ಲ, ಕಾಲು ಗಂಟೆಯಲ್ಲಿ ಲೋಹ ಬಿಡುವಂಥದ್ದೇನೂ ಅದರಲ್ಲಿಲ್ಲ.

ನಿಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ತೊಳೆದ ಮೇಲೂ ಮುಖ ಬಿಗಿದಂತಿದ್ದರೆ ಕೊನೆಯ ಒಂದು ಚೊಂಬು ಫಿಲ್ಟರ್ ನೀರಿನದಾಗಲಿ. ಬೇಸಿನ್ ಕಟ್ಟುವುದು ಮಣ್ಣು ಕೆಳಗಿನ ಬಾಗಿದ ಪೈಪಿನಲ್ಲಿ ಕೂತು ಗಟ್ಟಿಯಾಗುವುದರಿಂದ. ಮುಖದ್ದನ್ನು ಮೊದಲು ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನೂ ಬಟ್ಟಲನ್ನೂ ಬಕೆಟ್ಟಿನಲ್ಲಿ ಅಲುಬಿ, ಆ ನೀರನ್ನು ಗಿಡದ ಬುಡಕ್ಕೆ ಚೆಲ್ಲಿ. ಈಗ ಕಟ್ಟಿರುವುದಕ್ಕೆ ಆಸಿಡ್ ಸುರಿಯಬೇಡಿ, ಜೇಡಿ ಅದರಲ್ಲಿ ಕರಗುವುದಿಲ್ಲ. ಬೇಸಿನ್ ಕೆಳಗೆ ಬಕೆಟ್ ಇಟ್ಟು, ಬಾಗಿದ ಪೈಪಿನ ತಳದ ಮುಚ್ಚಳವನ್ನು ಕೈಯಿಂದ ತಿರುಗಿಸಿ ಬಿಚ್ಚಿದರೆ ಗಟ್ಟಿ ಮಣ್ಣು ಅಲ್ಲೇ ಸಿಗುತ್ತದೆ.